ನಾನು ತೆಗೆಸಿದ ಎರಡು ಪುಟ

ಕಾಗದಕ್ಕೆ ನಾರಿದೆ. ನಾರಿನ ಉದ್ದಕ್ಕೆ ಮಡಚಿದರೆ ಹೇಳಿದ ಮಾತು ಕೇಳುತ್ತದೆ, ಅಡ್ಡಕ್ಕೆ ಮಡಚಿದರೆ ಬೆನ್ನು ಬಿರಿಯುತ್ತದೆ. ಹಾಳೆಯ ಮೂಲೆಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ. ಸುರುಳಿ ಯಾವ ಉದ್ದಕ್ಕೆ ಏಳುತ್ತದೋ ನಾರು ಆ ಉದ್ದಕ್ಕಿದೆ. ಪ್ರೆಸ್ಸಿಗೆ ಹೊಸದಾಗಿ ಸೇರುವವರಿಗೆ ಯಂತ್ರ ಇದನ್ನು ಹೇಳಿಕೊಡುವುದಿಲ್ಲ, ಅದಕ್ಕೇ ಮೊದಲಿಗೆ ಬರೆದೆ. ನಾನಿದನ್ನು ಕಲಿತದ್ದು ಬೆಂಗಳೂರಿನ ಕಾಟನ್‌ಪೇಟೆಯಲ್ಲಿ, ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ. ಆಗ ನನಗೆ ಹದಿಮೂರು. ಅದನ್ನೇ ಬಂಡವಾಳ ಮಾಡಿಕೊಂಡು ಐವತ್ತು ದಾಟಿದ ಮೇಲೆ ಆಕ್ಲೆಂಡಿನ ಪೆನ್‌ರೋಸ್‌ನಲ್ಲಿ ಒಂದು ಪ್ರೆಸ್ಸಿಗೆ ಸೇರಿ, ಅಲ್ಲೇ ನಿವೃತ್ತಳಾದೆ.

ನಮ್ಮ ಕನ್ನಡ ಸಂಘದ ಸಂಚಿಕೆಗೆ ಈ ಸಲ ಹಿರಿಯರು ತಮ್ಮ ಕೆಲಸದ ಅನುಭವ ಬರೆಯಬೇಕೆಂದು ಕೇಳಿದ್ದಾರೆ. ಡಾಕ್ಟರು, ಇಂಜಿನಿಯರುಗಳ ನಡುವೆ ಏಳನೇ ಕ್ಲಾಸು ಎರಡು ಸಲ ಫೇಲಾದವಳು ಏನು ಬರೆಯುವುದು ಎಂದು ಸುಮ್ಮನಿರಬಹುದಿತ್ತು. ಆದರೆ ಹಿಂದೊಂದು ವರ್ಷ ಇದೇ ಸಂಘದ ಸಂಚಿಕೆಗೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಬರೆಯಲು ಇದಕ್ಕಿಂತ ಸರಿಯಾದ ಜಾಗ ನನಗೆ ಸಿಗುವುದಿಲ್ಲ.

ನನ್ನ ತಂಗಿ ಶೈಲಜಾಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಭಾನುವಾರ ಮಕ್ಕಳಿಗೆ ಕನ್ನಡ ಪಾಠ. ನನಗಿಂತ ಆರು ವರ್ಷ ಚಿಕ್ಕವಳು. ಅಪ್ಪನ ಅಂಗಡಿಯಲ್ಲಿ ನಾನು ಮೈದಾ ಅಂಟಿಗೆ ಹುಳ ಬಾರದಂತೆ ಮೈಲುತುತ್ತ ಹಾಕಿ ಕದಡುತ್ತಿದ್ದರೆ ಅವಳು ಅಚ್ಚು ಕೆಟ್ಟ ಪುಸ್ತಕದ ಹಾಳೆಗಳ ರಾಶಿಯ ಮೇಲೆ ಕೂತು ಓದುತ್ತಿದ್ದಳು. ಮೊದಲರ್ಧ ಸಿಕ್ಕ ಕಥೆಗೆ ಕೊನೆಯರ್ಧವನ್ನು ತಾನೇ ಕಟ್ಟಿ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಹೊಲಿಗೆಯ ಸೂಜಿ ಬದಿಗಿಟ್ಟು ಕೇಳುತ್ತಿದ್ದರು. ನನಗಾಗಿ ಅವರು ಸೂಜಿ ಬದಿಗಿಟ್ಟದ್ದು ನೆನಪಿಲ್ಲ. ತಂಗಿಯನ್ನು ಓದಿಸಲು ಅಕ್ಕ ಶಾಲೆ ಬಿಟ್ಟಳು ಎಂದು ನೆಂಟರು ಹೇಳುವುದುಂಟು. ಅದು ಸುಳ್ಳು. ನನಗೆ ಲೆಕ್ಕ ಬರುತ್ತಿರಲಿಲ್ಲ. ಯಾರಾದರೂ ಹಾಗೆ ಹೇಳಿದಾಗ ನಾನು ತಿದ್ದಲಿಲ್ಲ, ಅಷ್ಟೆ.

ಶೈಲಾ ಮೊದಲು ಬಂದು ಇಲ್ಲಿ ನೆಲೆಯಾದಳು. ಆಮೇಲೆ ಕಾಗದಪತ್ರ ಮಾಡಿ ನನ್ನನ್ನೂ ನನ್ನ ಗಂಡನನ್ನೂ ಕರೆಸಿಕೊಂಡಳು. ಎಲ್ಲಿ ಹೋದರೂ ನನ್ನ ಪರಿಚಯ ಒಂದೇ: "ಇವ್ರು ಶೈಲಾ ಅವರ ಅಕ್ಕ."

ಪ್ರೆಸ್ಸಿನಲ್ಲಿ ಮಾತ್ರ ನಾನು ಯಾರ ಅಕ್ಕನೂ ಆಗಿರಲಿಲ್ಲ. ಬೈಂಡಿಂಗ್ ವಿಭಾಗದ ಮುಖ್ಯಸ್ಥೆ ಹಲೀನಾ, ಪೋಲೆಂಡಿನವಳು. ನನಗಿಂತ ಒಂದೆರಡು ವರ್ಷ ಹಿರಿಯಳು. ಅಲ್ಲಿ ಸೈನ್ಯದ ಆಡಳಿತ ಬಂದಾಗ ಗಂಡನ ಜತೆ ದೇಶ ಬಿಟ್ಟು ಇಲ್ಲಿಗೆ ಬಂದವಳು. ಮೇಲಧಿಕಾರಿಯಾದರೂ ಏಕವಚನದಲ್ಲಿ ಬರೆಯುತ್ತಿದ್ದೇನೆ, ಅಷ್ಟು ಸಲುಗೆಯಿತ್ತು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಡಕಲು, ಹಾಗಾಗಿ ಒಂದಕ್ಕೊಂದು ಕೂಡಿಕೊಂಡವು.

ಸೇರಿದ ಎರಡನೇ ತಿಂಗಳಲ್ಲಿ ನಾನು ಕ್ಯಾಲೆಂಡರುಗಳನ್ನು ಕೆಡಿಸಿದೆ. ಕಟಿಂಗ್ ಮೆಷಿನ್ನಿಗೆ ಅಳತೆ ಕೊಟ್ಟೆ, ಕಟ್ಟು ತಿರುಗಿಸಿ ಇಟ್ಟಿದ್ದನ್ನು ನೋಡಲಿಲ್ಲ. ಬ್ಲೇಡು ಇಳಿದಾಗ ಪ್ರತಿ ತಿಂಗಳ ಕೊನೆಯ ವಾರ ಕತ್ತರಿಸಿ ಕೆಳಗೆ ಬಿತ್ತು. ಕೆಲಸ ಹೋಯಿತೆಂದೇ ಅಂದುಕೊಂಡೆ. ಹಲೀನಾ ಕತ್ತರಿಸಿ ಬಿದ್ದ ಪಟ್ಟಿ ಎತ್ತಿಕೊಂಡು, "ರತ್ನಾ, ಸಂಬಳದ ದಿನವನ್ನೇ ಕತ್ತರಿಸಿದ್ದೀಯಲ್ಲ, ಇನ್ನು ನಾವು ಬದುಕುವುದು ಹೇಗೆ?" ಎಂದಳು. ಆಮೇಲೆ ತಪ್ಪನ್ನು ತನ್ನ ಹೆಸರಿನಲ್ಲಿ ಬರೆದುಕೊಂಡಳು. ಹೊಸಬರಿಗೆ ನಾನು ಹೇಳುವುದಿಷ್ಟು: ಮೊದಲ ಕಟ್ಟಿನ ಮೇಲಿನ ಒಂದೇ ಹಾಳೆಯನ್ನು ಕತ್ತರಿಸಿ ನೋಡಿ. ಒಳ್ಳೆಯ ಮೇಲಧಿಕಾರಿ ಎರಡನೇ ಸಲವೂ ಸಿಗುತ್ತಾರೆಂಬ ಭರವಸೆಯಿಲ್ಲ.

ಇಲ್ಲಿ ಟೀ ವಿರಾಮಕ್ಕೆ ಸ್ಮೋಕೊ ಎನ್ನುತ್ತಾರೆ, ಹೊಗೆ ಸೇದದವರಿಗೂ ಅದೇ ಹೆಸರು. ಬೆಳಿಗ್ಗೆ ಹತ್ತರ ಸ್ಮೋಕೊದಲ್ಲಿ ನಾನು ಡಬ್ಬಿಯಿಂದ ಚಕ್ಕುಲಿಯನ್ನೋ ನಿಪ್ಪಟ್ಟನ್ನೋ ತೆಗೆಯುತ್ತಿದ್ದೆ, ಹಲೀನಾ ಕಥೆ ತೆಗೆಯುತ್ತಿದ್ದಳು. ಹರೆಯದಲ್ಲಿ ಅವಳು ತನ್ನೂರಿನ ಪ್ರೆಸ್ಸಿನಿಂದ ಸೆನ್ಸಾರ್ ಕಚೇರಿಗೆ ಪ್ರೂಫು ಹೊತ್ತು ಹೋಗುವ ಕೆಲಸದಲ್ಲಿದ್ದಳು. ಕಮ್ಯುನಿಸ್ಟ್ ಸರ್ಕಾರದ ಕಾಲ. ಪತ್ರಿಕೆ, ಪುಸ್ತಕ ಮಾತ್ರವಲ್ಲ, ಸರ್ಕಸ್ಸಿನ ಭಿತ್ತಿಪತ್ರ, ಸಾವಿನ ಸುದ್ದಿಯ ಚೀಟಿ, ಎಲ್ಲಕ್ಕೂ ಆ ಕಚೇರಿಯ ಮುದ್ರೆ ಬೀಳಬೇಕು. ಮುದ್ರೆಯಿಲ್ಲದೆ ಯಂತ್ರ ತಿರುಗುವಂತಿಲ್ಲ.

"ಏನೇನು ಬರೆಯಬಾರದು?" ಎಂದು ನಾನೊಮ್ಮೆ ಕೇಳಿದೆ.

"ಗಣಿಯಲ್ಲಿ ಎಷ್ಟು ಜನ ಸತ್ತರು, ಬರೆಯಬಾರದು. ನದಿ ಎಷ್ಟು ಕೊಳೆಯಾಗಿದೆ, ಬರೆಯಬಾರದು. ದೇಶ ಎಷ್ಟು ಕಾಫಿ ಕುಡಿಯುತ್ತದೆ, ಅದನ್ನೂ ಬರೆಯಬಾರದು."

"ಕಾಫಿಯಲ್ಲೇನಿದೆ?"

"ತರಿಸಿದ ಕಾಫಿ ಬೇರೆ ದೇಶಕ್ಕೆ ಮಾರಾಟವಾಗಿ ಹೋಗುತ್ತಿತ್ತು. ನಮಗೆ ಸಿಗುತ್ತಿರಲಿಲ್ಲ. ಲೆಕ್ಕ ಬರೆದರೆ ಜನ ಕೇಳುವುದಿಲ್ಲವೇ?"

ನಮ್ಮ ಊರಿನಲ್ಲಾಗಿದ್ದರೆ ಕಾಫಿಗೇ ಸರ್ಕಾರ ಬೀಳುತ್ತಿತ್ತು ಎಂದೆ. ಅವಳು ಟೀ ಚೆಲ್ಲುವಷ್ಟು ನಕ್ಕಳು.

ಸೆನ್ಸಾರಿನವರ ಕೈಚಳಕದ ವಿಷಯ ಬಂದರೆ ಅವಳ ದನಿ ಬದಲಾಗುತ್ತಿತ್ತು. ಪುಟದಲ್ಲಿ ಖಾಲಿ ಜಾಗ ಕಾಣಬಾರದು. ಏನೋ ತೆಗೆದಿದ್ದಾರೆಂದು ಓದುಗರಿಗೆ ಗೊತ್ತಾದರೆ ಅರ್ಧ ಸೋತಂತೆ. ಹಾಗಾಗಿ ತೆಗೆದ ಕಡೆ ಬೇರೆ ಏನಾದರೂ ತುಂಬಬೇಕು: ಹವಾಮಾನ, ಟ್ರಾಕ್ಟರಿನ ಚಿತ್ರ, ಹೊಲಿಗೆಯ ಮಾದರಿ. ಪರಿವಿಡಿಯಲ್ಲಿ ಹೆಸರು ಉಳಿದುಬಿಟ್ಟರೆ ಅದು ಎಳಸು ಕೆಲಸ. ಮುಂದೆ ಕಾರ್ಮಿಕರು ಎದ್ದು ನಿಂತ ಮೇಲೆ ಕಾನೂನು ಬದಲಾಯಿತಂತೆ. ತೆಗೆದ ಕಡೆ ಸಣ್ಣ ಗೆರೆಗಳನ್ನು ಹಾಕಿ, ಇಂಥ ಕಾನೂನಿನ ಪ್ರಕಾರ ತೆಗೆಯಲಾಗಿದೆ ಎಂದು ತೋರಿಸಲು ಪತ್ರಿಕೆಗಳಿಗೆ ಹಕ್ಕು ಬಂತು. "ಆ ಗೆರೆಗಳನ್ನು ಮೊದಲ ಸಲ ನೋಡಿದಾಗ ನಾನು ರಸ್ತೆಯಲ್ಲೇ ಅತ್ತೆ. ಏನೂ ಬರೆದಿರಲಿಲ್ಲ, ಆದರೆ ಸತ್ಯ ಅಲ್ಲಿತ್ತು" ಎಂದಳು.

ಮುದ್ರೆ ಬೇಡದ ಪುಸ್ತಕಗಳೂ ಇದ್ದವು. ನೆಲಮಾಳಿಗೆಯಲ್ಲಿ, ಅಡುಗೆಮನೆಯಲ್ಲಿ ಕದ್ದು ಅಚ್ಚು ಹಾಕುತ್ತಿದ್ದರು. ಮಸಿ ಸಿಗದಿದ್ದರೆ ಬಟ್ಟೆ ತೊಳೆಯುವ ಸೋಪಿನ ಪೇಸ್ಟಿಗೆ ಬಣ್ಣ ಕಲಸುವುದು, ಅಚ್ಚೊತ್ತುವ ಜಾಲರಿಯ ಚೌಕಟ್ಟನ್ನು ಮೇಲೆಳೆಯಲು ಒಳ ಉಡುಪಿನ ಎಲಾಸ್ಟಿಕ್ ಕಟ್ಟುವುದು. ಹಗಲು ಸೆನ್ಸಾರಿಗೆ ಪ್ರೂಫು ಹೊರುತ್ತಿದ್ದ ಹಲೀನಾ ಸಂಜೆ ಆ ಹಾಳೆಗಳನ್ನು ಮಡಚುತ್ತಿದ್ದಳು.

ಈ ಕಥೆಗಳನ್ನೆಲ್ಲ ನಾನು ಶನಿವಾರ ಶೈಲಾಳ ಮನೆಗೆ ಒಯ್ಯುತ್ತಿದ್ದೆ. ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಅವಳ ಗಂಡ, ಮಕ್ಕಳು ಎಲ್ಲರೂ ನನ್ನ ಮುಖ ನೋಡುತ್ತ ಕೇಳುತ್ತಿದ್ದರು. "ಸೆನ್ಸಾರಿನವ್ರು ಅಕ್ಕಿ ಆರಿಸ್ದಂಗೆ ಆರಿಸ್ತಿದ್ರಂತೆ, ಆದ್ರೆ ಕಲ್ಲು ಇಟ್ಕೊಂಡು ಅಕ್ಕಿ ಬಿಸಾಕ್ತಿದ್ರು" ಎಂದು ನಾನು ಒಮ್ಮೆ ಹೇಳಿದಾಗ ಶೈಲಾ ತುತ್ತು ಹಿಡಿದವಳು ಹಾಗೇ ಕೂತುಬಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳಲ್ಲಿಲ್ಲದ್ದು ನನ್ನಲ್ಲಿ ಇದ್ದದ್ದು ಅದೊಂದೇ: ಹಲೀನಾ.

ಒಂದು ದಿನ ಸಂಘದ ಕಾರ್ಯಕ್ರಮದ ಟಿಕೆಟ್ಟುಗಳನ್ನು ಒಯ್ಯಲು ಶೈಲಾ ಪ್ರೆಸ್ಸಿಗೆ ಬಂದಳು. ನಾನು ಪಿನ್ನಿಂಗ್ ಮೆಷಿನ್ ಮುಂದಿದ್ದೆ, ಬಿಡುವಂತಿರಲಿಲ್ಲ. ಅರ್ಧ ಗಂಟೆಯ ಮೇಲೆ ಟೀ ಕೋಣೆಗೆ ಹೋದರೆ ಅವಳೂ ಹಲೀನಾಳೂ ತಲೆಗೆ ತಲೆ ತಾಗಿಸಿ ಕೂತಿದ್ದಾರೆ. ಮೇಜಿನ ಮೇಲೆ ಅಂಗೈಯಗಲದ ಒಂದು ಪುಸ್ತಕ. ಕಳಪೆ ಕಾಗದ, ಮಸಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಬೆನ್ನಿಗೆ ತುಕ್ಕು ಹಿಡಿದ ಎರಡು ಪಿನ್ನು. ಹಲೀನಾ ಅಂಥ ಅಡುಗೆಮನೆಯೊಂದರಲ್ಲಿ ತಾನೇ ಮಡಚಿದ ಪುಸ್ತಕ. ಶೈಲಾ ಅದನ್ನು ಕೂಸನ್ನು ಎತ್ತಿಕೊಂಡಂತೆ ಹಿಡಿದಿದ್ದಳು.

ಅವಳು ಹೋದ ಮೇಲೆ ನಾನು ಕೇಳಿದೆ, "ಒಂಬತ್ತು ವರ್ಷ ನನ್ನ ಪಕ್ಕದ ಲಾಕರಿನಲ್ಲಿ ಇತ್ತಲ್ಲ, ನನಗೇಕೆ ತೋರಿಸಲಿಲ್ಲ?"

"ನೀನು ಕೇಳಲಿಲ್ಲವಲ್ಲ" ಎಂದಳು ಹಲೀನಾ, ಸಹಜವಾಗಿ. "ನಿನ್ನ ತಂಗಿ ಒಳ್ಳೊಳ್ಳೆಯ ಪ್ರಶ್ನೆ ಕೇಳುತ್ತಾಳೆ."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ದಿನ ನಾನು ಮಡಚಿದ ಹಾಳೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಮುಂದಿನ ಶನಿವಾರ ಊಟಕ್ಕೆ ಕೂತಾಗ ಶೈಲಾಳೇ ಹಲೀನಾಳ ಕಥೆ ಹೇಳಿದಳು, ನಾನು ಕೇಳದ ಕಥೆಗಳನ್ನು. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

ಆ ವರ್ಷ ರಾಜ್ಯೋತ್ಸವದ ಸಂಚಿಕೆ ನಮ್ಮ ಪ್ರೆಸ್ಸಿಗೇ ಬಂತು. ಸಂಪಾದಕರು ವಿಶ್ವನಾಥ್. ಅವರು ಪ್ರೂಫು ಮೇಲೆ ಮೇಲೆ ತಿರುವಿ ಒಪ್ಪಿ ಹೋಗಿದ್ದರು. ಆದರೆ ಅಚ್ಚಿನ ಪ್ಲೇಟು ಮಾಡುವ ಕ್ರೇಗ್‌ನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಚೆದುರಿ ಬಿದ್ದವು. ಅವನು ಸರಿಮಾಡಿ, ಹೊಸ ಪ್ರೂಫು ತೆಗೆದು ನನ್ನನ್ನು ಕೂಗಿದ: "ರತ್ನಾ, ನನಗೆ ಇದೆಲ್ಲ ಜಿಲೇಬಿ ಕಂಡಹಾಗೆ ಕಾಣುತ್ತದೆ, ನೀನೇ ನೋಡಿ ಸಹಿ ಹಾಕು." ಜಿಲೇಬಿಯ ರುಚಿ ಅವನಿಗೆ ಹಚ್ಚಿದವಳೂ ನಾನೇ. ಏಳನೇ ಕ್ಲಾಸು ಫೇಲಾದವಳು ಆ ಕಟ್ಟಡದಲ್ಲಿ ಕನ್ನಡದ ಪಂಡಿತೆ. ನನ್ನ ಸಹಿಯಾದ ಮೇಲೆ ಯಂತ್ರ ತಿರುಗುತ್ತದೆ.

ನಡುವಿನ ಎರಡು ಪುಟದಲ್ಲಿ ಶೈಲಾಳ ಲೇಖನವಿತ್ತು, ಪೋಲೆಂಡಿನ ಸೆನ್ಸಾರಿನ ಬಗ್ಗೆ. ಮೇಲೆ ಅವಳ ಫೋಟೋ, ಪಕ್ಕದಲ್ಲಿ ಹಲೀನಾಳ ಫೋಟೋ. ನಿಂತೇ ಓದಿದೆ. ಸರ್ಕಸ್ಸಿನ ಭಿತ್ತಿಪತ್ರ ಇತ್ತು. ಕಾಫಿ ಇತ್ತು. ಸೆನ್ಸಾರಿನವನೊಬ್ಬ ಗುಟ್ಟಿನ ಸೂಚನೆಗಳನ್ನು ನಕಲು ಮಾಡಿಕೊಂಡು, ಮೈಗೆ ಕಟ್ಟಿಕೊಂಡು, ಹಡಗಿನಲ್ಲಿ ಸ್ವೀಡನ್ನಿಗೆ ಸಾಗಿಸಿದ ಸಂಗತಿಯಿತ್ತು. ಅದನ್ನು ನಾನು ಕೇಳಿಯೇ ಇರಲಿಲ್ಲ. ಅಕ್ಕಿ ಕಲ್ಲಿನ ಮಾತೂ ಇತ್ತು. ನಾನಿದ್ದದ್ದು ಒಂದು ಕಡೆ: "ನನ್ನ ಅಕ್ಕ ಕೆಲಸ ಮಾಡುವ ಪ್ರೆಸ್ಸಿನಲ್ಲಿ."

ನನ್ನ ಮಾತು ಕದ್ದಳೆಂದು ಸಿಟ್ಟು ಬಂತು ಎಂದು ಬರೆದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕರುಣೆ ಬಂದೀತು. ಸಿಟ್ಟು ಬಂದದ್ದು ನಿಜ. ಆದರೆ ಕಳವಿಗಿಂತ ಹೆಚ್ಚಾಗಿ ಉರಿದದ್ದು, ಕದ್ದದ್ದು ಅವಳ ಕೈಯಲ್ಲಿ ನನ್ನ ಕೈಯಲ್ಲಿದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತಲ್ಲ, ಅದಕ್ಕೆ. ಅಪ್ಪ ಇದ್ದಿದ್ದರೆ ಸೂಜಿ ಬದಿಗಿಡುತ್ತಿದ್ದರು.

"ಕ್ರೇಗ್, ಸಂಘದ ಕಮಿಟಿಯವರು ಫೋನ್ ಮಾಡಿದ್ದರು" ಎಂದೆ. "ಈ ಎರಡು ಪುಟ ಬೇಡವಂತೆ."

"ಈಗಲೇ? ಅವರ ಎರಡು ಜಾಹೀರಾತು ತಡವಾಗಿ ಬಂದಿದೆ, ಜಾಗವಿದ್ದರೆ ಹಾಕಿ ಅಂದಿದ್ದರು. ಅವನ್ನೇ ಹಾಕಲೇ?"

"ಹಾಕು. ಪರಿವಿಡಿಯಲ್ಲಿ ಐದನೇ ಸಾಲೂ ತೆಗಿ."

ಪುಸ್ತಕದ ಪುಟಗಳು ನಾಲ್ಕು ನಾಲ್ಕಾಗಿ ಬರುತ್ತವೆ. ಎರಡು ತೆಗೆದರೆ ಎರಡು ತುಂಬಲೇಬೇಕು. ಒಂದಕ್ಕೆ ಮನೆ ಮಾರುವವರ ಜಾಹೀರಾತು, ಇನ್ನೊಂದಕ್ಕೆ ಮಸಾಲೆ ಅಂಗಡಿಯದು. ಬದಲಾದ ಪ್ರೂಫಿನ ಮೇಲೆ ಸಹಿ ಹಾಕಿದೆ. ಆಮೇಲೆ ಅದೇ ಸಂಚಿಕೆಯನ್ನು ನಾನೇ ಮಡಚಿ, ನಾನೇ ಪಿನ್ನು ಹೊಡೆದು, ನಾನೇ ಅಂಚು ಕತ್ತರಿಸಿದೆ. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಿಲ್ಲ.

ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಶೈಲಾ ಸಂಚಿಕೆ ತೆರೆದಳು. ಪುಟ ತಿರುವಿದಳು, ಮತ್ತೆ ಮೊದಲಿಂದ ತಿರುವಿದಳು. ನೇರ ವಿಶ್ವನಾಥರ ಹತ್ತಿರ ಹೋದಳು.

"ಏನ್ರೀ ವಿಶ್ವನಾಥ್, ಹಬ್ಬದ ಸಂಚಿಕೇಲಿ ಪೋಲೆಂಡ್ ಯಾಕೆ ಅಂತ ಅವತ್ತೇ ಕೇಳಿದ್ರಿ. ಬೇಡ ಅಂತ ಮುಖಕ್ಕೇ ಹೇಳ್ಬಹುದಿತ್ತು."

"ಮೇಡಂ, ದೇವರಾಣೆ ನಾನ್ ತೆಗ್ದಿಲ್ಲ. ಫೈಲ್ ತೋರಿಸ್ತೀನಿ ಬನ್ನಿ, ಸೆಂಟ್ ಮೇಲ್ ಇದೆ."

"ಕಳಿಸಿದ್ಮೇಲೆ ಫೋನ್ ಮಾಡಿ ತೆಗೆಸಿದ್ರೆ ಮೇಲಲ್ಲಿ ಇರತ್ತಾ?"

ಸೋಮವಾರ ವಿಶ್ವನಾಥ್ ಪ್ರೆಸ್ಸಿಗೆ ಫೋನ್ ಮಾಡಿದರು. ಕ್ರೇಗ್ ತನಗೆ ಗೊತ್ತಿದ್ದುದನ್ನು ಪ್ರಾಮಾಣಿಕವಾಗಿ ಹೇಳಿದ: ನಿಮ್ಮ ಕಡೆಯಿಂದಲೇ ಫೋನ್ ಬಂದಿತ್ತು. ಅಲ್ಲಿಗೆ ಮುಗಿಯಿತು. ಕಮಿಟಿಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವಂತಾಯಿತು. ವಿಶ್ವನಾಥ್ ಸಂಪಾದಕರ ಕೆಲಸ ಬಿಟ್ಟರು. ಮುಂದಿನ ವರ್ಷ ಲೇಖನ ಹಾಕುತ್ತೇವೆಂದು ಕಮಿಟಿಯವರು ಹೇಳಿಕಳಿಸಿದರೆ ಶೈಲಾ, "ಭಿಕ್ಷೆ ಬೇಡ" ಎಂದು ಫೈಲನ್ನೇ ಅಳಿಸಿದಳು. ಭಾನುವಾರದ ಪಾಠ ನಿಲ್ಲಿಸಿದಳು. ಬರೆಯುವುದನ್ನೂ.

ಅವಳನ್ನು ಸಮಾಧಾನ ಮಾಡಿದವಳು ನಾನು. ಬಿಸಿಬೇಳೆಬಾತ್ ಮಾಡಿಕೊಂಡು ಹೋದೆ. "ಹೋಗ್ಲಿ ಬಿಡೇ, ಇವ್ರಿಗೆಲ್ಲ ಬರಹದ ಬೆಲೆ ಏನ್ ಗೊತ್ತು" ಎಂದೆ. ಅವಳು ನನ್ನ ತೋಳಿಗೆ ಒರಗಿ ಅತ್ತಳು. ಆ ಕ್ಷಣದಲ್ಲಿ ನನಗೆ ಹಿತವಾಗಿತ್ತು. ಈ ಬರಹದಲ್ಲಿ ಬರೆಯಲು ಅತಿ ಕಷ್ಟವಾದ ಸಾಲು ಇದೇ.

ಹಲೀನಾ ಸಂಚಿಕೆಗಾಗಿ ಕಾದಿದ್ದಳು. ಓದಲು ಬಾರದಿದ್ದರೂ ತನ್ನ ಕಥೆ ಅಚ್ಚಾದ ಪುಟವನ್ನು ಮಗಳಿಗೆ ಕಳಿಸಬೇಕೆಂದಿದ್ದಳು. ಕಮಿಟಿಯವರು ತೆಗೆದುಬಿಟ್ಟರು ಎಂದೆ. ಮೊದಲು ನಕ್ಕಳು. "ಇಲ್ಲೂನಾ?" ಎಂದಳು. ಆಮೇಲೆ ಸಂಚಿಕೆ ತೆಗೆದುಕೊಂಡು ಮೆಲ್ಲಗೆ ತಿರುವಿದಳು. ಲಿಪಿ ಬಾರದವಳು ಪುಟವನ್ನಲ್ಲದೆ ಬೇರೇನೂ ನೋಡುವುದಿಲ್ಲ. ಎದುರುಬದುರಾಗಿ ನಿಂತ ಎರಡು ಪೂರ್ತಿ ಪುಟದ ಜಾಹೀರಾತುಗಳ ಹತ್ತಿರ ನಿಂತಳು. ಪರಿವಿಡಿಗೆ ಹೋಗಿ ಸಾಲುಗಳ ನಡುವಿನ ಅಂತರವನ್ನು ಉಗುರಿನಿಂದ ಅಳೆದಳು.

"ಯಾರೋ ಬಹಳ ಚೆನ್ನಾಗಿ ಮಾಡಿದ್ದಾರೆ" ಎಂದಳು.

ಪ್ರತಿ ಕೆಲಸಕ್ಕೂ ಒಂದು ಚೀಲವಿರುತ್ತದೆ, ಪ್ರೂಫು, ಸಹಿ ಎಲ್ಲ ಅದರಲ್ಲಿ. ಮಧ್ಯಾಹ್ನ ಈ ಸಂಚಿಕೆಯ ಚೀಲ ನನ್ನ ಮೇಜಿನ ಮೇಲಿತ್ತು, ನನ್ನ ಸಹಿಯಿದ್ದ ಪ್ರೂಫು ಹೊರಗೆ ತೆಗೆದಿತ್ತು. ಹಲೀನಾ ಎದುರು ನಿಂತಿದ್ದಳು.

"ನಾನು ಪ್ರೂಫು ಒಯ್ಯುತ್ತಿದ್ದ ಕಚೇರಿಯಲ್ಲಿ ಒಬ್ಬ ಮನುಷ್ಯನಿದ್ದ. ಒಳ್ಳೆಯವನು. ಚಳಿಯಲ್ಲಿ ಬಂದೆನೆಂದು ಕುರ್ಚಿ ಕೊಡುತ್ತಿದ್ದ, ಟೀ ಮಾಡಲೇ ಎಂದು ಕೇಳುತ್ತಿದ್ದ. ನಾನು ಅವನನ್ನು ದ್ವೇಷಿಸಲಿಲ್ಲ, ರತ್ನಾ. ಅವನ ಟೀ ಕುಡಿಯಲಿಲ್ಲ, ಅಷ್ಟೆ."

ಯಾರಿಗೂ ದೂರು ಹೇಳಲಿಲ್ಲ. ಮರುದಿನದಿಂದ ಹತ್ತು ಗಂಟೆಗೆ ಅವಳು ತನ್ನ ಲೋಟ ಹಿಡಿದು ಹೊರಗೆ ಲಾರಿಗಳ ಹತ್ತಿರ ಹೋಗಿ ನಿಲ್ಲುತ್ತಿದ್ದಳು, ಗಾಳಿಯಿರಲಿ ಮಳೆಯಿರಲಿ. ಕೆಲಸದ ಮಾತಿಗೆ ಕೊರತೆಯಿರಲಿಲ್ಲ. ಹೀಗೆ ಎರಡು ವರ್ಷ. ಆಮೇಲೆ ಅವಳು ನಿವೃತ್ತಳಾಗಿ ಲೋವರ್ ಹಟ್ ಎಂಬ ದೂರದ ಊರಿನಲ್ಲಿರುವ ಮಗಳ ಮನೆಗೆ ಹೋದಳು. ಬೀಳ್ಕೊಡುಗೆಯ ದಿನ ನನ್ನ ಕೈಕುಲುಕಿ, "ಬ್ಲೇಡು ಬದಲಾಯಿಸಲು ಮರೆಯಬೇಡ" ಎಂದಳು.

ಅವಳ ನಂತರ ಕೆಲಸವೂ ಬದಲಾಯಿತು. ಬಿಸಿ ಅಂಟು, ತಾನೇ ಮಡಚಿ ತಾನೇ ಪಿನ್ನು ಹೊಡೆಯುವ ಯಂತ್ರ, ನೂರು ಬೇಕೆಂದರೆ ನೂರೇ ಪ್ರತಿ. ಸಂಚಿಕೆಗಳು ಫೋನಿನೊಳಗೆ ಹೋದವು. ಈಗ ಸೇರುವವರಿಗೆ ನಾರು ನೋಡುವ ಅಗತ್ಯವೂ ಕಡಿಮೆ. ಆದರೆ ಒಂದು ಕೆಲಸ ಹಾಗೇ ಉಳಿದಿದೆ: ಉಳಿದವರು ಓದಲಾರದ್ದನ್ನು ಓದಿ "ಸರಿಯಿದೆ" ಎಂದು ಸಹಿ ಹಾಕುವವರು ಎಲ್ಲ ಕಡೆ ಒಬ್ಬರಿರುತ್ತಾರೆ. ಆ ಕುರ್ಚಿಯಲ್ಲಿ ಕೂರುವ ದಿನ ನಿಮ್ಮ ಮನಸ್ಸಿನಲ್ಲಿ ಯಾರ ಮೇಲೆ ಏನಿದೆ ಎಂದು ಮೊದಲು ನೋಡಿಕೊಳ್ಳಿ. ಪೋಲೆಂಡಿನ ಆ ಮನುಷ್ಯನಿಗೆ ಮೇಲಿಂದ ಆಜ್ಞೆಯಾದರೂ ಇತ್ತು. ನನಗೆ ಯಾರೂ ಹೇಳಿರಲಿಲ್ಲ.

ಇಲ್ಲಿಯವರೆಗೆ ಬರೆದು ಮುಗಿಸಿ ಮೊದಲು ವಿಶ್ವನಾಥರಿಗೆ ಫೋನ್ ಮಾಡಿದೆ. "ಆಂಟಿ, ನನ್ ಹೆಂಡ್ತಿ ಕೂಡ ನಂಬಿರ್ಲಿಲ್ಲ. ನನ್ ಹೆಸರು ಹಾಕೇ ಬರೀರಿ" ಎಂದರು. ಹಾಕಿದ್ದೇನೆ. ವಿಶ್ವನಾಥ್ ಆ ಪುಟಗಳನ್ನು ತೆಗೆಸಲಿಲ್ಲ.

ಆಮೇಲೆ ಶೈಲಾಳ ಮನೆಗೆ ಹೋದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಇದನ್ನು ಓದಿದೆ, ಬಿಸಿಬೇಳೆಬಾತಿನ ಸಾಲನ್ನೂ ಬಿಡದೆ. ಅವಳ ಕೈ ಎಲ್ಲಿ ನಿಂತಿತೆಂದು ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

"ಹಲೀನಾಗೆ ಗೊತ್ತಿತ್ತು" ಎಂದಳು.

"ಹೂಂ."

"ಅಂದ್ರೆ ನಂಗೊಬ್ಳಿಗೇ ಗೊತ್ತಿರ್ಲಿಲ್ಲ."

ಬಯ್ಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ಸೊಪ್ಪಿನ ದಂಟುಗಳನ್ನು ಒಂದು ಕಡೆ ಸರಿಸಿದಳು.

"ವಿಶ್ವನಾಥ್ ತಲೆಬರಹ ನೋಡಿ ಪೋಲೆಂಡ್ ಯಾಕೆ ಅಂದ್ರು. ನಮ್ಮನೇವ್ರು ಆಮೇಲೆ ಓದ್ತೀನಿ ಅಂದ್ರು. ಈ ಪ್ರಪಂಚದಲ್ಲಿ ಅದನ್ನ ಪೂರ್ತಿ ಓದಿರೋಳು ನೀನೊಬ್ಳೇ, ಅಕ್ಕ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಹೇಗಿತ್ತು, ಹೇಳು."

"ಚೆನ್ನಾಗಿತ್ತು ಕಣೇ" ಎಂದೆ. "ಅದಕ್ಕೇ ತೆಗೆಸ್ದೆ."